ಪೆಡಲ್ ಒತ್ತೋಕೆ ಒಬ್ಬರು

ಹಳೆಯ ಡೀಸೆಲ್ ಕಾರು ಇಟ್ಟುಕೊಂಡವನ ಬಾಳಿನಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಕಾರು ಇಲ್ಲದಿದ್ದರೆ ನನ್ನ ಬಾಳಿನಲ್ಲಿ ಏನೂ ಆಗುತ್ತಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನಾನು ಇಪ್ಪತ್ತೆಂಟು ವರ್ಷ ಔಷಧ ಕಂಪನಿಯ ರೆಪ್ ಆಗಿದ್ದವನು. ದಿನಕ್ಕೆ ಹತ್ತು ಡಾಕ್ಟರು, ಹದಿನೈದು ಮೆಡಿಕಲ್ ಶಾಪು, ಬೆಳಗಿನಿಂದ ಸಂಜೆವರೆಗೆ ಮಾತೇ ಮಾತು. ಕೆಲಸ ಬಿಟ್ಟ ಮೇಲೆ ಜೆ.ಪಿ. ನಗರದ ಮನೆಯಲ್ಲಿ ಉಳಿದದ್ದು ನಾನು ಮತ್ತು ಫ್ರಿಜ್ಜು. ಇಬ್ಬರಲ್ಲಿ ಹೆಚ್ಚು ಶಬ್ದ ಮಾಡುವುದು ಫ್ರಿಜ್ಜೇ. ಮದುವೆಯಾಗಲಿಲ್ಲ, ಅದರ ಕಾರಣ ಹೇಳುತ್ತ ಕೂತರೆ ಕಾರಿನ ಕಥೆಗೆ ಜಾಗ ಉಳಿಯುವುದಿಲ್ಲ.

ಗೇಟಿನ ಹೊರಗೆ ನನ್ನ ಹದಿನಾರು ವರ್ಷದ ಕಾರು ನಿಂತಿರುತ್ತದೆ. ಅದು ತಿಂಗಳಿಗೆ ಎರಡು ಸಲ ಕೆಡುತ್ತಿತ್ತು. ಹುಳಿಮಾವಿನಲ್ಲಿ ಒಬ್ಬ ಮೇಸ್ತ್ರಿ ಗ್ಯಾರೇಜು ಇಟ್ಟಿದ್ದರು. ಹೋದ ಕೂಡಲೇ ಸ್ಟೂಲ್ ಒರೆಸಿ ಹಾಕುತ್ತಿದ್ದರು, ಟೀ ತರಿಸುತ್ತಿದ್ದರು, ಬಾನೆಟ್ ಎತ್ತಿ ಕಾರಿಗೂ ನನಗೂ ಒಟ್ಟಿಗೇ ಬೈಯುತ್ತಿದ್ದರು. ನಿಜ ಹೇಳಬೇಕೆಂದರೆ ಎಷ್ಟೋ ಸಲ ಕಾರು ಕೆಟ್ಟಿರುತ್ತಲೇ ಇರಲಿಲ್ಲ. “ಏನೋ ಸೌಂಡ್ ಬರ್ತಿದೆ” ಎಂದು ಹೇಳಿಕೊಂಡು ಹೋಗುತ್ತಿದ್ದೆ.

ಒಂದು ದಿನ ಹೋದರೆ ಗ್ಯಾರೇಜಿನ ಮೇಲಿನ ಶೀಟು ಬಿಚ್ಚುತ್ತಿದ್ದರು. ಜಾಗದವರು ಅಪಾರ್ಟ್‌ಮೆಂಟ್ ಕಟ್ಟುತ್ತಾರಂತೆ. ಮೇಸ್ತ್ರಿ ಚಿಂತಾಮಣಿಗೆ, ತಮ್ಮ ಊರಿಗೆ ಹೊರಟಿದ್ದರು. ನನ್ನ ಮುಖ ನೋಡಿ, “ಯಾಕೆ ಸಾರ್ ಹಂಗೆ ನಿಂತ್ರಿ? ನಾನೇನ್ ಸತ್ತೋದ್ನಾ? ಒಂದು ಟೂಲ್ ಕಿಟ್ ಮಾಡ್ಕೊಳ್ಳಿ, ಸಣ್ಣಪುಟ್ಟದ್ದೆಲ್ಲ ನೀವೇ ನೋಡ್ಕೋಬಹುದು” ಎಂದರು. ಫಿಲ್ಟರಿನ ಖಾಲಿ ಡಬ್ಬ ಹರಿದು ಅದರ ಹಿಂದೆ ಪಟ್ಟಿ ಬರೆದುಕೊಟ್ಟರು. ಸ್ಪ್ಯಾನರು, ಜಾಕು, ಸ್ಟ್ಯಾಂಡು, ಹೀಗೆ ಹನ್ನೊಂದು ಸಾಮಾನು. ಹನ್ನೆರಡನೆಯದು: “ಒಬ್ಬರು.”

“ಇದು ಯಾವ ಅಂಗಡೀಲಿ ಸಿಗತ್ತೆ?” ಎಂದೆ.

“ಅದು ಅಂಗಡೀಲಿ ಸಿಗಲ್ಲ ಸಾರ್. ಬ್ರೇಕಿಂದ ಗಾಳಿ ತೆಗೀವಾಗ ಒಬ್ರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ರು ಚಕ್ರದ ಹತ್ರ ನಟ್ಟು ಸಡಿಲ ಮಾಡಬೇಕು. ಮನೇಲಿ ಯಾರಾದ್ರೂ ಇರ್ತಾರಲ್ಲ.”

“ಇರ್ತಾರೆ, ಇರ್ತಾರೆ” ಎಂದೆ. ಮನೆಗೆ ಬಂದು ಫ್ರಿಜ್ಜಿನ ಬಾಗಿಲಿಗೆ ಆ ಪಟ್ಟಿ ಅಂಟಿಸಿದೆ. ಹನ್ನೊಂದು ಸಾಮಾನಿನ ಚಿಂತೆ ನನಗಿರಲಿಲ್ಲ.

ಸ್ಪ್ಯಾನರ್ ಸಾಹೇಬರು

ಮಡಿವಾಳದಲ್ಲಿ ಒಂದು ದೊಡ್ಡ ಟೂಲ್ಸ್ ಅಂಗಡಿ. ಮಾಲೀಕರು “ಪೂರ್ತಿ ಸೆಟ್ ತಗೊಳ್ಳಿ ಸಾರ್, ಒಂದೇ ಸಲ ಮುಗಿದ್ಹೋಗತ್ತೆ” ಎಂದರು. ಒಂದೇ ಸಲ ಮುಗಿದು ಹೋಗುವುದೇ ನನಗೆ ಬೇಡವಾಗಿತ್ತು. “ಸದ್ಯಕ್ಕೆ ಎಂಟು-ಒಂಬತ್ತು ನಂಬರಿನ ಸ್ಪ್ಯಾನರ್ ಕೊಡಿ” ಎಂದೆ. ಮರುದಿನ ಹೋಗಿ ಹತ್ತು-ಹನ್ನೊಂದು ತಂದೆ. ಅದರ ಮರುದಿನ ಹನ್ನೆರಡು-ಹದಿಮೂರು. ಹೋದಾಗಲೆಲ್ಲ ಹೊರಗೆ ನಿಂತು ಅಂಗಡಿಯ ಬೋರ್ಡನ್ನು ಮೇಲಿನಿಂದ ಕೆಳಗೆ ಓದುತ್ತಿದ್ದೆ. ಬೋರ್ಡು ಓದುವುದು ರೆಪ್ ಕೆಲಸದಿಂದ ಬಂದ ಚಾಳಿ. ಆಮೇಲೆ ಒಳಗೆ ಹೋಗಿ, ಅಂಗಡಿ ಎಷ್ಟು ವರ್ಷದ್ದು, ಯಾವಾಗ ತೆಗೆಯುತ್ತೀರಿ, ಒಳಗೆ ಗೋಡೌನ್ ಇದೆಯಾ ಎಂದೆಲ್ಲ ವಿಚಾರಿಸುತ್ತಿದ್ದೆ. ಮಾತಾಡಲು ಬೇರೇನಿದೆ?

ಐದನೆಯ ದಿನ ಬೋರ್ಡು ಓದಿ ಒಳಗೆ ಹೋಗಿ, “ಇವತ್ತು ಒಂದು ಅಳತೆ ಟೇಪ್ ಕೊಡಿ” ಎಂದೆ. ಫ್ಯಾನ್ ಬೆಲ್ಟಿನ ಸಡಿಲ ಅಳೆಯಲು ಬೇಕೆಂದು ಮೇಸ್ತ್ರಿ ಬರೆದಿದ್ದರು. ಮಾಲೀಕರ ಮುಖ ಬಿಳಿಚಿಕೊಂಡಿತು. ಓಡಿ ಬಂದು ಕುರ್ಚಿ ಹಾಕಿದರು. ಫ್ಯಾನು ನನ್ನ ಕಡೆ ತಿರುಗಿತು. ಎಳನೀರು ಬಂತು. ಅವರ ತಮ್ಮನೂ ಬಂದು ಕೈಕಟ್ಟಿ ನಿಂತ. ಅಂಗಡಿ ಹೇಗೆ ಶುರುವಾಯಿತು, ತಂದೆ ಎಷ್ಟು ಕಷ್ಟಪಟ್ಟರು ಎಂದು ಅಣ್ಣತಮ್ಮ ಇಬ್ಬರೂ ಮುಕ್ಕಾಲು ಗಂಟೆ ಹೇಳಿದರು. ಬೆಂಗಳೂರಿನಲ್ಲಿ ಇಂಥ ಒಳ್ಳೆಯ ಜನ ಇನ್ನೂ ಇದ್ದಾರಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

ಕೊನೆಗೆ ಮಾಲೀಕರು ಟೇಪನ್ನು ಎರಡೂ ಕೈಯಲ್ಲಿ ಹಿಡಿದು, “ಸಾರ್, ನೀವೇ ಅಳೆದು ನೋಡಿ. ನಮ್ಮ ಬೋರ್ಡಲ್ಲಿ ಕನ್ನಡಾನೇ ದೊಡ್ಡದಾಗಿದೆ. ಇಂಗ್ಲಿಷ್ ಕೆಳಗಡೆ ಚಿಕ್ಕದಾಗಿ ಹಾಕ್ಸಿದೀವಿ” ಎಂದರು. ಐದು ದಿನದಿಂದ ನನ್ನನ್ನು ಬೋರ್ಡು ತಪಾಸಣೆಗೆ ಬಂದ ಸಾಹೇಬರು ಎಂದುಕೊಂಡಿದ್ದರು.

“ನಾನು ಯಾವ ಇಲಾಖೆಯೋನೂ ಅಲ್ಲ. ನನ್ನ ಹತ್ರ ಒಂದು ಹಳೇ ಕಾರಿದೆ, ಅಷ್ಟೇ” ಎಂದೆ.

ಫ್ಯಾನು ಆ ಕಡೆ ತಿರುಗಿತು.

ಒಳ್ಳೆಯ ಮನುಷ್ಯ

ಜಾಕು, ಸ್ಟ್ಯಾಂಡು ಬಂದ ಮೇಲೆ ಒಂದು ಬೆಳಿಗ್ಗೆ ಕಾರು ಎತ್ತಿ ನಿಲ್ಲಿಸಿ, ಆಯಿಲ್ ಎಲ್ಲಿ ಸೋರುತ್ತಿದೆ ಎಂದು ನೋಡಲು ಚಾಪೆ ಹಾಸಿಕೊಂಡು ಕೆಳಗೆ ತೂರಿದೆ. ಕಾಲೆರಡು ಮಾತ್ರ ರಸ್ತೆಗೆ ಚಾಚಿದ್ದವು. ನೆರಳು, ತಂಪು, ಯಾರದೂ ಗೋಜಿಲ್ಲ. ಹಾಗೇ ನಿದ್ದೆ ಬಂದುಬಿಟ್ಟಿತು.

ಎಚ್ಚರವಾದಾಗ ಸುತ್ತ ಎಂಟು ಹತ್ತು ಜೊತೆ ವಾಕಿಂಗ್ ಶೂಗಳು ಕಂಡವು. ಪಾರ್ಕಿನಿಂದ ವಾಪಸಾಗುತ್ತಿದ್ದ ಗುಂಪು.

“ಅಲ್ಲಾಡ್ತಾನೇ ಇಲ್ವಲ್ರೀ.”

“ಯಾರ ಮನೆಯವ್ರು?”

“ಇದೇ ಮನೆ. ಒಬ್ರೇ ಇರೋದು, ಪಾಪ.”

“ಹೆಸರೇನು?”

ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ನಾನು ಅದೇ ಬೀದಿಯಲ್ಲಿದ್ದೇನೆ. ಎದ್ದು ಬರೋಣ ಎಂದುಕೊಳ್ಳುವಷ್ಟರಲ್ಲಿ ಒಂದು ಬಿಳಿ ಶೂ ಹೇಳಿತು: “ಬಹಳ ಒಳ್ಳೇ ಮನುಷ್ಯ ಕಣ್ರೀ. ಒಂದು ದಿನಾನೂ ಯಾರ ತಂಟೆಗೂ ಬಂದೋರಲ್ಲ.” ಇನ್ನೊಂದು ಶೂ, “ಸಿಕ್ಕಾಗೆಲ್ಲ ನಗ್ತಿದ್ರು. ನಾವೇ ಮಾತಾಡಿಸ್ಲಿಲ್ಲ, ಛೇ” ಎಂದಿತು.

ನನ್ನ ಬಗ್ಗೆ ಯಾರಾದರೂ ಇಷ್ಟು ಒಳ್ಳೆಯ ಮಾತು ಆಡಿ ಎಷ್ಟೋ ಕಾಲವಾಗಿತ್ತು. ಉಸಿರು ಬಿಗಿಹಿಡಿದು ಇನ್ನೆರಡು ನಿಮಿಷ ಹಾಗೇ ಮಲಗಿದೆ. ಇನ್ನೂ ಏನಾದರೂ ಹೇಳುತ್ತಾರೇನೋ ಎಂಬ ಆಸೆ.

ಆಗ ನೀಲಿ ಶೂ ಹೇಳಿತು: “ಏನೇ ಅನ್ನಿ, ಇನ್ಮೇಲೆ ಬೀದೀಲಿ ಆ ಡಬ್ಬಾ ಕಾರಿನ ಹೊಗೆ ಇರಲ್ಲ.”

ನಾನು ಕೂಡಲೇ ಎದ್ದು ಬಂದೆ.

ಮೂರು ಬಾಟಲಿ

ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಸೇರುತ್ತದೆ. ಆಗಾಗ ತಿರುಪು ಸಡಿಲಿಸಿ ಅದನ್ನು ಇಳಿಸಿ, ನೀರು ಎಷ್ಟು, ಡೀಸೆಲ್ ಎಷ್ಟು ಎಂದು ನೋಡಬೇಕು. ಅದಕ್ಕೆ ಪಾರದರ್ಶಕ ಬಾಟಲಿ ಬೇಕೆಂದು ಪಟ್ಟಿಯಲ್ಲಿತ್ತು. ಹಳೆಯ ಕೆಲಸದ ನೆನಪಿಗೆಂದು ನನ್ನ ಬಳಿ ಲ್ಯಾಬಿನ ಸ್ಯಾಂಪಲ್ ಬಾಟಲಿಗಳು ಬೇಕಾದಷ್ಟಿದ್ದವು. ಮೂರು ವಾರದ ಸ್ಯಾಂಪಲ್ ಮೂರು ಬಾಟಲಿಗೆ ತುಂಬಿ, ತಾರೀಖು ಬರೆದು, ಬೆಳಕಿಗೆ ಹಿಡಿದು ನೋಡಲು ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಇಟ್ಟೆ.

ಎದುರು ಮನೆಯಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್ ಇದ್ದಾರೆ. ಅಣ್ಣನ ಸಂಸಾರದ ಜೊತೆ ಇರುವವರು. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ನಡೆದ ಮಾತು ಒಂದೇ: “ರೀ, ನಮ್ಮ ಹಪ್ಪಳ ಒಣಗಿದ ಮೇಲೆ ಗಾಡಿ ಸ್ಟಾರ್ಟ್ ಮಾಡಿ.” ಅಂದು ಅವರು ಗೋಡೆಯ ಮುಂದೆ ನಿಂತು ಮೂರು ಬಾಟಲಿಗಳನ್ನೂ ತಾರೀಖಿನ ಸಮೇತ ಓದಿ, ಮನೆಯೊಳಗೆ ಹೋದರು. ಅರ್ಧ ಗಂಟೆಗೆ ಒಂದು ಚೆಂಬು ಬಾರ್ಲಿ ನೀರು ಬಂತು.

“ಇದನ್ನ ಬಿಸಿಬಿಸಿ ಕುಡೀರಿ. ಮೊದಲನೇದಕ್ಕಿಂತ ಮೂರನೇದು ಬಹಳ ಕಪ್ಪಾಗಿದೆ. ಇಷ್ಟು ದಿನ ಸುಮ್ನೆ ಇದ್ರಲ್ಲ, ತಪ್ಪಲ್ವಾ?”

ನನಗೆ ವಿಷಯ ಹೊಳೆಯಿತು. ಹೇಳಿಬಿಡಬೇಕಿತ್ತು. ಆದರೆ ಕೈಯಲ್ಲಿದ್ದ ಚೆಂಬು ಬೆಚ್ಚಗಿತ್ತು. “ಹೌದು ಮೇಡಂ, ತಪ್ಪು” ಎಂದೆ. ಮೂರು ದಿನ ಬಾರ್ಲಿ ನೀರು, ಗಂಜಿ, ಒಂದು ದಿನ ಮೆಣಸಿನ ಸಾರು. ನಾಲ್ಕನೆಯ ದಿನ ಅವರು ಬಂದಾಗ ನಾನು ಬಾಟಲಿಯ ಡೀಸೆಲನ್ನು ತುಕ್ಕು ಹಿಡಿದ ನಟ್ಟಿನ ಮೇಲೆ ಸುರಿದು ಉಜ್ಜುತ್ತಿದ್ದೆ.

ಮೇಡಂ ಬಹಳ ಹೊತ್ತು ನಟ್ಟನ್ನು ನೋಡಿದರು. ಆಮೇಲೆ ಚೆಂಬು ವಾಪಸ್ ತೆಗೆದುಕೊಂಡು ಹೋದರು. ತುಂಬಿದ ಚೆಂಬು.

ಎಲ್ಲಿಗೂ ಹೋಗದ ಪ್ರಯಾಣ

ಅಷ್ಟರಲ್ಲಿ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗತೊಡಗಿತು. ಬ್ರೇಕ್ ಆಯಿಲಿನ ಪೈಪಿಗೆ ಗಾಳಿ ಸೇರಿದೆ, ತೆಗೆಯಲೇಬೇಕು. ಹನ್ನೊಂದು ಸಾಮಾನಿಗೂ ಟಿಕ್ ಬಿದ್ದಿತ್ತು. ಫ್ರಿಜ್ಜಿನ ಮುಂದೆ ನಿಂತು ಹನ್ನೆರಡನೆಯ ಸಾಲು ನೋಡಿದೆ. ಯಾರನ್ನು ಕರೆಯಲಿ ಎಂದು ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿನಿಂದ ಕೆಳಗೆ ಎರಡು ಸಲ ಸರಿಸಿದೆ. ಎಲ್ಲ ಡಾಕ್ಟರುಗಳು. ನಾನು ಕಂಪನಿ ಬಿಟ್ಟ ದಿನವೇ ನನ್ನ ಪರಿಚಯ ಬಿಟ್ಟವರು.

ಕೊನೆಗೆ ಆ್ಯಪಿನಲ್ಲಿ ಗಂಟೆ ಲೆಕ್ಕದ ಡ್ರೈವರನ್ನು ಬುಕ್ ಮಾಡಿದೆ. ಬಿ.ಟಿ.ಎಂ. ಲೇಔಟಿನಿಂದ ಬಂದರು, ಬಾಗಲಕೋಟೆ ಕಡೆಯವರು.

“ಎಲ್ಲಿಗ್ ಹೋಗೂದ್ರಿ ಸರ್?”

“ಎಲ್ಲಿಗೂ ಇಲ್ಲ. ನೀವು ಕೂತು ಬ್ರೇಕ್ ಒತ್ತಿದ್ರೆ ಸಾಕು.”

“ಗಾಡಿ ನಿಂತೈತಲ್ರಿ. ನಿಂತ ಗಾಡಿಗೆ ಬ್ರೇಕ್ ಯಾಕ್ರಿ?”

“ನಾನು ಹಿಂದಿನ ಚಕ್ರದ ಹತ್ರ ಮಲ್ಕೋತೀನಿ.”

ಅವರು ಸೀಟಿನಿಂದ ಕೆಳಗಿಳಿದೇ ಬಿಟ್ಟರು. “ಬ್ಯಾಡ್ರಿ ಸರ್. ನೀವು ಗಾಲಿ ಕೆಳಗ, ನಾ ಸ್ಟೇರಿಂಗ್ ಮ್ಯಾಲ. ನಾಳೆ ಏನರ ಆದ್ರ ಮಂದಿ ಏನಂತಾರ? ನನಗ ಹೆಂಡ್ತಿ ಮಕ್ಕಳು ಅದಾರ್ರಿ.” ಬೇಕಾದರೆ ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ, ಇದೊಂದು ಬೇಡ ಎಂದು ಕೈಮುಗಿದು, ಆ ಗಡಿಬಿಡಿಯಲ್ಲಿ ಪ್ರಯಾಣ ಮುಗಿಸುವ ಬಟನ್ ಒತ್ತುವುದನ್ನೂ ಮರೆತು ಹೊರಟರು.

ಇಪ್ಪತ್ತು ನಿಮಿಷದ ಮೇಲೆ ಫೋನು ಕುಂಯ್ ಎಂದಿತು. “ನಿಮ್ಮ ವಾಹನ ಬಹಳ ಹೊತ್ತಿನಿಂದ ಒಂದೇ ಜಾಗದಲ್ಲಿ ನಿಂತಿದೆ. ನೀವು ಕ್ಷೇಮವಾಗಿದ್ದೀರಾ?”

ಆ ವರ್ಷ ನನ್ನನ್ನು ಹಾಗೆ ಕೇಳಿದ್ದು ಅದೊಂದೇ. “ಪರವಾಗಿಲ್ಲ, ನೀವು?” ಎಂದು ಟೈಪ್ ಮಾಡಿದೆ. ಉತ್ತರ ಬರಲಿಲ್ಲ.

ಹೇಳೋವರೆಗೂ

ಅಂದೇ ಸಿಟ್ಟಿನಲ್ಲಿ ಆನ್‌ಲೈನಿನಲ್ಲಿ ಒಂದು ಸಾಮಾನು ತರಿಸಲು ಹೇಳಿದೆ. ಉದ್ದನೆಯ ರಬ್ಬರ್ ಪೈಪು, ತುದಿಗೊಂದು ಪುಟ್ಟ ವಾಲ್ವು. ಇದಿದ್ದರೆ ಗಾಳಿ ತೆಗೆಯಲು ಎರಡನೆಯವರು ಬೇಕಿಲ್ಲವಂತೆ. ಬರಲು ಒಂದು ವಾರ. ಅಷ್ಟು ದಿನ ಕಾಯುವ ತಾಳ್ಮೆ ನನಗೆಲ್ಲಿದೆ? ಭಾನುವಾರ ಮನೆ ಒರೆಸುವ ಮಾಪಿನ ಕೋಲು ತಂದು, ಒಂದು ತುದಿ ಪೆಡಲಿಗೆ, ಇನ್ನೊಂದು ತುದಿ ಸ್ಟೇರಿಂಗಿಗೆ ಬಿಗಿಯಾಗಿ ಆನಿಸಿ, ಹಿಂದೆ ಹೋಗಿ ನಟ್ಟು ಸಡಿಲಿಸಿದೆ. ಕೋಲು ಜಾರಿ ಹಾರ್ನಿನ ಮೇಲೆ ಕೂತಿತು.

ಹದಿನಾರು ವರ್ಷದ ಕಾರಿನಲ್ಲಿ ಸರಿಯಾಗಿ ಕೆಲಸ ಮಾಡುವುದು ಹಾರ್ನೊಂದೇ. ನಾನು ಎದ್ದು ಬರುವಂತಿಲ್ಲ. ಕೈ ತೆಗೆದರೆ ಬ್ರೇಕ್ ಆಯಿಲ್ಲೆಲ್ಲ ರಸ್ತೆ ಪಾಲು. ಬೀದಿಯ ಬಾಗಿಲುಗಳೆಲ್ಲ ತೆರೆದವು. ಎದುರು ಮನೆ ಮೇಡಂ ಸೆರಗು ಸಿಕ್ಕಿಸಿಕೊಂಡು ಬಂದರು, ಕಾರಿನ ಬಾಗಿಲು ತೆಗೆದರು, ಕೋಲು ಕಿತ್ತು ಬಿಸಾಡಿ, ತಾವೇ ಕೂತು ಪೆಡಲ್ ಮೇಲೆ ಕಾಲಿಟ್ಟರು.

“ಒತ್ತಿದೀನಿ. ಮುಂದೇನು?”

“ನಾನು ಹೇಳೋವರೆಗೂ ಬಿಡಬೇಡಿ ಮೇಡಂ!” ಎಂದು ಕೂಗಿ, ನಟ್ಟು ಬಿಗಿ ಮಾಡಿ, ಆಯಿಲ್ ಬಾಟಲಿ ತರಲು ಒಳಗೆ ಓಡಿದೆ. ಒಳಗೆ ಫೋನ್ ಬಡಿದುಕೊಳ್ಳುತ್ತಿತ್ತು. ಗೊಟ್ಟಿಗೆರೆ ಹತ್ತಿರ ಸೈಟು ಮಾರುವ ಹುಡುಗಿ. ನನಗೆ ಸೈಟು ಬೇಡ. ಆದರೆ ಇಂಥ ಕರೆಗಳನ್ನು ನಾನು ಯಾವತ್ತೂ ಕತ್ತರಿಸಿದವನಲ್ಲ. ನೀರು ಹೇಗೆ, ರಸ್ತೆ ಎಷ್ಟು ಅಗಲ, ನಿಮ್ಮ ಊಟ ಆಯಿತಾ ಎಂದೆಲ್ಲ ಮಾತಾಡಿ ಫೋನ್ ಇಟ್ಟಾಗ ಇಪ್ಪತ್ತೈದು ನಿಮಿಷವಾಗಿತ್ತು. ಹೊರಗೆ ಓಡಿದೆ.

ಮೇಡಂ ಹಾಗೇ ಕೂತಿದ್ದರು. ಕಾಲು ನಡುಗುತ್ತಿತ್ತು, ಮುಖ ಕೆಂಪಗಾಗಿತ್ತು, ಪೆಡಲ್ ಕೆಳಗೇ ಇತ್ತು. ಕಿಟಕಿಯಲ್ಲಿ ಅವರ ಅಣ್ಣ ಬಗ್ಗಿ, “ಊಟಕ್ಕೆ ಬಾರೇ, ಎಲ್ರೂ ಎಲೆ ಮುಂದೆ ಕೂತಿದಾರೆ” ಎಂದು ಅಂಗಲಾಚುತ್ತಿದ್ದರು.

“ಅವ್ರು ಹೇಳೋವರೆಗೂ ಬರಲ್ಲ” ಎಂದ ಮೇಡಂ, ನನ್ನ ಕಡೆ ತಿರುಗಿದರು. “ಮೂವತ್ತನಾಲ್ಕು ವರ್ಷ ಮಕ್ಕಳಿಗೆ, ಹೇಳಿದ ಮಾತು ಕೇಳಿ ಅಂತ ಬಡ್ಕೊಂಡೋಳು ನಾನು. ಈಗ ಕಾಲು ತೆಗೀಲಾ, ಇಲ್ಲ ಸಂಜೆವರೆಗೂ ಇದೆಯಾ?”

ಜಪ್ತಿ

ಆ ದಿನ ಊಟ ಮುಗಿಸಿ ಮೇಡಂ ಮತ್ತೆ ಬಂದರು. ನಾಲ್ಕೂ ಚಕ್ರ ಮುಗಿಯಿತು, ಪೆಡಲ್ ಗಟ್ಟಿಯಾಯಿತು. “ಥ್ಯಾಂಕ್ಸ್ ಮೇಡಂ” ಎಂದೆ. ಮನೆಯೊಳಗೆ ಬಂದಾಗ ಫ್ರಿಜ್ಜಿನ ಶಬ್ದ ದಿನಕ್ಕಿಂತ ಜೋರಾಗಿ ಕೇಳಿಸಿತು.

ಎರಡು ದಿನದಲ್ಲಿ ಆ ಪೈಪು ಬಂತು. ಡಬ್ಬ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತೆ. ಆಮೇಲೆ ಅದನ್ನು ಟೂಲ್ ಬಾಕ್ಸಿನ ತಳದಲ್ಲಿಟ್ಟು, ಮೇಲೆ ಬಟ್ಟೆ ಚೂರು ಮುಚ್ಚಿದೆ. ಮುಂದಿನ ತಿಂಗಳ ಮೊದಲ ಭಾನುವಾರ ಎದುರು ಮನೆ ಗೇಟಿನಲ್ಲಿ ನಿಂತು, “ಮೇಡಂ, ಮತ್ತೆ ಗಾಳಿ ಸೇರಿಕೊಂಡಿದೆ” ಎಂದೆ. ಅದರ ಮುಂದಿನ ತಿಂಗಳೂ ಸೇರಿಕೊಂಡಿತು. ಹೀಗೆ ಐದು ತಿಂಗಳು ತಪ್ಪದೆ ಮೊದಲ ಭಾನುವಾರವೇ ಗಾಳಿ ಸೇರುತ್ತಿತ್ತು. ಮೇಡಂ ಒತ್ತುತ್ತಿದ್ದರು, ನಾನು ಸುಮ್ಮನೆ ನಟ್ಟು ಮುಟ್ಟಿ ಬಿಡುತ್ತಿದ್ದೆ. ಆಮೇಲೆ ಗೋಡೆಯ ಮೇಲೆ ಲೋಟವಿಟ್ಟು ಕಾಫಿ, ಮಾತು. ತಿಂಗಳಲ್ಲಿ ಆ ಒಂದು ದಿನಕ್ಕಾಗಿ ಉಳಿದ ಇಪ್ಪತ್ತೊಂಬತ್ತು ದಿನ ಹೇಗೋ ದೂಡುತ್ತಿದ್ದೆ.

ಆರನೆಯ ತಿಂಗಳು ನಾನು ಕಾಫಿ ತರಲು ಒಳಗೆ ಹೋದೆ. ಹೊರಗೆ ಬಂದರೆ ಮೇಡಂ ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತ ಟೂಲ್ ಬಾಕ್ಸ್ ತೆಗೆದಿದ್ದರು. ಕೈಯಲ್ಲಿ ಆ ಡಬ್ಬ. ಕನ್ನಡಕ ಏರಿಸಿ, ಕ್ಲಾಸಿಗೆಲ್ಲ ಕೇಳಿಸುವ ಹಾಗೆ ಅದರ ಮೇಲಿದ್ದುದನ್ನು ಕನ್ನಡದಲ್ಲಿ ಹೇಳಿದರು: “ಒಬ್ಬರೇ ಮಾಡಬಹುದು. ಇನ್ನೊಬ್ಬರ ಸಹಾಯ ಅಗತ್ಯವಿಲ್ಲ.”

ಲೋಟದ ಕಾಫಿ ತಟ್ಟೆಗೆ ಚೆಲ್ಲಿತು.

“ಯಾವಾಗ ಬಂತು ಇದು?”

“ಜನವರೀಲಿ.”

“ಇದು ಯಾವ ತಿಂಗಳು?”

“ಜುಲೈ, ಮೇಡಂ.” ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. “ತಪ್ಪಾಯ್ತು. ಗಾಳಿಗೀಳಿ ಏನೂ ಸೇರಿಲ್ಲ. ನೀವು ಬರಲಿ ಅಂತ ಸುಳ್ಳು ಹೇಳ್ದೆ.”

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ತಿಂಗಳಿಗೊಂದ್ಸಲ ಬ್ರೇಕಿಗೆ ಗಾಳಿ ಸೇರಲ್ಲ ಅಂತ ನಮ್ಮಣ್ಣ ಎರಡನೇ ತಿಂಗಳೇ ಹೇಳಿದ.”

“ಮತ್ತೆ?”

“ನಿಂಗೆ ಡೀಸೆಲ್ ಗಾಡಿ ಬಗ್ಗೆ ಏನ್ ಗೊತ್ತು, ಬಾಯ್ಮುಚ್ಕೊಂಡಿರು ಅಂದೆ.” ಕನ್ನಡಕ ಮತ್ತೆ ಹಾಕಿಕೊಂಡು, ಬೇರೆ ದನಿಯಲ್ಲಿ ಹೇಳಿದರು: “ನಮ್ಮನೇಲಿ ಏಳು ಜನ ಇದೀವಿ. ಎಲ್ರ ಕೈಯಲ್ಲೂ ಒಂದೊಂದು ಫೋನು. ನಾನು ಬಾಯಿ ಬಿಟ್ರೆ ತಲೆ ಎತ್ತೋರಿಲ್ಲ. ಇಲ್ಲಿ ನಾನು ಒತ್ತಿದೀನಿ ಅಂದ್ರೆ, ಸರಿ ಮೇಡಂ ಅಂತ ಒಂದು ಉತ್ತರ ಬರತ್ತೆ.”

ಏನಾದರೂ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಅವರು ಹಳೆಯ ಹೆಡ್‌ಮಿಸ್ಟ್ರೆಸ್ ಆಗಿಬಿಟ್ಟಿದ್ದರು. ಪೈಪನ್ನು ಸುರುಳಿ ಸುತ್ತಿ ಡಬ್ಬಕ್ಕೆ ತುರುಕಿ, ಡಬ್ಬವನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

“ಇಂಥದ್ದೆಲ್ಲ ನಿಮ್ಮ ಹತ್ರ ಇರ್ಬಾರ್ದು. ನನ್ನ ಬೀರೂನಲ್ಲಿ ಇರತ್ತೆ. ನಡವಳಿಕೆ ನೋಡಿ ವರ್ಷದ ಕೊನೇಲಿ ವಾಪಸ್ ಕೊಡೋ ವಿಚಾರ ಮಾಡ್ತೀನಿ.”

“ಆಗ್ಲಿ ಮೇಡಂ.”

“ಮತ್ತೆ ಇಲ್ಲಿ ನಿಂತು ಏನ್ ನೋಡ್ತಿದೀರಾ? ಚಕ್ರದ ಹತ್ರ ಹೋಗಿ.”

ಹೋಗಿ ಎಡಗಡೆ ಹಿಂದಿನ ಚಕ್ರದ ಬಳಿ ಚಾಪೆ ಹಾಸಿ ಕೂತೆ. ಕಾರಿನ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಒಳಗಿನಿಂದ ಇಡೀ ಬೀದಿಗೆ ಕೇಳುವಂತೆ ಮೇಡಂ ಕೂಗಿದರು: “ಒತ್ತಿದೀನಿ! ಹೇಳೋವರೆಗೂ ಬಿಡಲ್ಲ!”

“ಸರಿ ಮೇಡಂ!” ಎಂದೆ.

ಬಿಡಿ ಎಂದು ಹೇಳಲು ಅಂದು ನಾನು ಸ್ವಲ್ಪ ತಡ ಮಾಡಿದೆ.